ಎಕ್ಕ ಯಾವ ಕುಟುಂಬದ್ದು? ತಗಡಿನ ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಶಾಲೆ ತೋಟದ ಗಿಡಗಳಿಗೆಲ್ಲ ನಾನೇ ನಿಂತು ತಗಡಿನ ಬೋರ್ಡ್ ಬರೆಸಿದ್ದೆ. ಎಕ್ಕದ ಗಿಡಕ್ಕೆ ನನ್ನ ಬಿ.ಎಸ್ಸಿ. ನೋಟ್ಸ್ ನೋಡಿ ‘ಆಸ್ಕ್ಲೆಪಿಯಡೇಸಿ ಕುಟುಂಬ’ ಎಂದು ಹಾಕಿಸಿದ್ದೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿ ‘ಸರ್, ಇದು ಅಪೋಸೈನೇಸಿ’ ಅಂದಳು. ಅದು ಪಕ್ಕದ ಕಣಗಿಲೆ ಬೋರ್ಡಿನ ಮೇಲಿರುವ ಹೆಸರು. ಎಕ್ಕಕ್ಕೂ ಕಣಗಿಲೆಗೂ ಎಲ್ಲಿಂದೆಲ್ಲಿಯ ಸಂಬಂಧ? ನನ್ನ ಬೋರ್ಡ್ ತಪ್ಪಾ? ಬದಲಿಸಬೇಕಾ?

ಉತ್ತರ: ಬದಲಿಸಿ ಮೇಷ್ಟ್ರೇ. ಹುಡುಗಿ ಹೇಳಿದ್ದು ಸರಿ. ಎಕ್ಕ ಈಗ ಅಪೋಸೈನೇಸಿ. ಆಸ್ಕ್ಲೆಪಿಯಡೇಸಿ ಅನ್ನುವ ಕುಟುಂಬವೇ ಈಗಿನ ಲೆಕ್ಕದಲ್ಲಿ ಇಲ್ಲ. ಹಾಗಂತ ಏನೋ ದೊಡ್ಡ ತಪ್ಪು ಮಾಡಿಬಿಟ್ಟೆ ಅಂತ ನೊಂದುಕೊಳ್ಳಬೇಡಿ. ನಾನು ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವರ್ಷ ಇವೆರಡನ್ನೂ ಬೇರೆ ಬೇರೆ ಕುಟುಂಬ ಅಂತಲೇ ಹೇಳಿಕೊಟ್ಟೆ. ‘ಎರಡಕ್ಕೂ ಇರುವ ಐದು ವ್ಯತ್ಯಾಸ ಬರೆಯಿರಿ’ ಅಂತ ಪ್ರಶ್ನೆಪತ್ರಿಕೆಯಲ್ಲಿ ಕೇಳಿ, ಬರೆಯದವರ ಅಂಕ ಕಳೆದಿದ್ದೂ ಉಂಟು. ಆ ಮಕ್ಕಳು ಈಗ ಎದುರು ಸಿಕ್ಕರೆ ಏನು ಹೇಳಲಿ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಎರಡಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಲ್ಲ, ಅದಕ್ಕೆ ಪುಸ್ತಕ ಬೇಡ. ನಿಮ್ಮ ತೋಟದಲ್ಲೇ ಉತ್ತರ ಇದೆ.

ಪಕ್ಕಪಕ್ಕ ಇಟ್ಟು ನೋಡಿದರೆ ಅನುಮಾನ ಬರುವುದು ಸಹಜ. ಎಕ್ಕದ ಎಲೆ ಅಗಲ, ದಪ್ಪ, ಬೂದಿ ಬಳಿದ ಹಾಗೆ. ಕಣಗಿಲೆ ಎಲೆ ಸಣ್ಣ, ಉದ್ದ, ಗಟ್ಟಿ. ಎಕ್ಕದ ಮೊಗ್ಗಿನಲ್ಲಿ ದಳಗಳು ಅಂಚಿಗೆ ಅಂಚು ಕೂಡಿ ಮುಚ್ಚಿಕೊಂಡಿರುತ್ತವೆ. ಅದಕ್ಕೇ ಮಕ್ಕಳು ಬೆರಳಲ್ಲಿ ಒತ್ತಿದರೆ ಟಪ್ ಅನ್ನುತ್ತದೆ. ಕಣಗಿಲೆ ಮೊಗ್ಗು ಹಾಗಲ್ಲ, ಮಡಚಿದ ಕೊಡೆಯ ಬಟ್ಟೆ ಸುತ್ತಿಕೊಂಡ ಹಾಗೆ ತಿರುಚಿಕೊಂಡಿರುತ್ತದೆ. ಅರಳಿದ ಮೇಲೂ ದಳಗಳು ಫ್ಯಾನಿನ ರೆಕ್ಕೆಯಂತೆ ಒಂದೇ ಕಡೆ ವಾಲಿರುತ್ತವೆ.

ಎರಡರಲ್ಲೂ ಹಾಲು ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಕಣಗಿಲೆಯದು ಎಕ್ಕದಷ್ಟು ಬೆಳ್ಳಗಿರುವುದಿಲ್ಲ, ತೆಳು. ಆದರೆ ಹಾಲು ನೋಡಿ ನೆಂಟಸ್ತನ ಹೇಳಲು ಆಗುವುದಿಲ್ಲ. ಆಲ, ಹಲಸು, ಕಳ್ಳಿ, ಪರಂಗಿ, ಸಪೋಟ ಎಲ್ಲದರಲ್ಲೂ ಹಾಲಿದೆ. ಆಲ, ಹಲಸು ಒಂದು ಕುಟುಂಬ. ಉಳಿದ ಮೂರು ಮೂರು ದಿಕ್ಕು.

ಮನುಷ್ಯರಿಗಿಂತ ಮೊದಲೇ ಈ ನೆಂಟಸ್ತನ ಕಂಡುಕೊಂಡವು ಹುಳುಗಳು. ಎಕ್ಕದ ಎಳೆ ಚಿಗುರಿಗೆ ಅರಿಶಿನದ ಬಣ್ಣದ, ಕರಿ ಕಾಲಿನ ಗಿಡಹೇನು ಮುತ್ತಿರುವುದನ್ನು ನೀವು ನೋಡಿರುತ್ತೀರಿ. ಈಗ ಕಣಗಿಲೆ ಚಿಗುರು ಬಗ್ಗಿಸಿ ನೋಡಿ. ಅಲ್ಲೂ ಅದೇ ಹೇನು. ಏಫಿಸ್ ನೀರಿಯೈ ಅಂತ ಅದರ ಹೆಸರು, ಅಂದರೆ ಕಣಗಿಲೆಯ ಹೇನು. ಪಕ್ಕದಲ್ಲಿ ದಾಸವಾಳ ಇದ್ದರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಹೃದಯದ ಬಡಿತ ಕೆಡಿಸುವಂಥ ಒಂದೇ ಜಾತಿಯ ವಿಷ ಎರಡು ಗಿಡದಲ್ಲೂ ಇದೆ. ಬೇರೆ ಹುಳುಗಳು ಹತ್ತಿರ ಬರಲು ಹೆದರುವ ಆ ರಸವೇ ಈ ಹೇನಿಗೆ ಊಟ.

ಇನ್ನು ಹೂವು. ಇದನ್ನು ನೀವೇ ಕೈಯಾರೆ ಮಾಡಿ ನೋಡಬೇಕು. ಒಂದು ಗುಂಡುಸೂಜಿ, ಒಂದು ಲೆನ್ಸ್, ಒಂದು ತುಂಡು ಕಪ್ಪು ಕಾಗದ ಸಾಕು. ನಂದಿಬಟ್ಟಲು, ಕಣಗಿಲೆ, ಎಕ್ಕ ಮೂರೂ ತನ್ನಿ. ನಂದಿಬಟ್ಟಲು, ಕಣಗಿಲೆ ಎರಡರಲ್ಲೂ ಐದೆಸಳಿನ ಜಾತಿಯೇ ಇರಲಿ. ಸುತ್ತು ದಳದ್ದು ತಂದರೆ ಕೇಸರಗಳೇ ದಳವಾಗಿ ಹೋಗಿ ತಲೆ ಕೆಡುತ್ತದೆ.

ಮೊದಲು ನಂದಿಬಟ್ಟಲು. ದಳದ ಕೊಳವೆ ಹಿಡಿದು ಮೆಲ್ಲಗೆ ಎಳೆಯಿರಿ. ಕೊಳವೆ ಕೈಗೆ ಬರುತ್ತದೆ, ಒಳಗೋಡೆಗೆ ಅಂಟಿದ ಐದು ಕೇಸರಗಳೂ ಜೊತೆಗೇ ಬರುತ್ತವೆ. ತೊಟ್ಟಿನಲ್ಲಿ ಉಳಿಯುವುದು ಹೆಣ್ಣು ಭಾಗ. ಲೆನ್ಸ್ ಹಿಡಿದರೆ ಬುಡದಲ್ಲಿ ಎರಡು ಅಂಡಾಶಯ ಬೇರೆ ಬೇರೆ ಕಾಣುತ್ತವೆ. ಮೇಲೆ ಹೋಗುತ್ತಾ ಎರಡೂ ಸೇರಿ ಒಂದೇ ಶಲಾಕೆ, ಅಂದರೆ ಹೆಣ್ಣು ಭಾಗದ ಸಣ್ಣ ಕಡ್ಡಿ. ಅದರ ತುದಿಗೆ ಒಂದು ಪುಟ್ಟ ತಲೆ. ಕೆಳಗೆ ಎರಡು, ಮೇಲೆ ಒಂದು. ಕಾಯಿ ಕಟ್ಟುವಾಗ ಎರಡೂ ಬೇರೆ ಬೇರೆ ಬೆಳೆದು ಜೋಡಿ ಕೊಂಬಿನ ಹಾಗೆ ಆಗುವುದು ಇದರಿಂದಲೇ. ಆ ತಲೆ ಸುಮ್ನೆ ಕೂತಿರುವುದಿಲ್ಲ. ಪಕ್ಕದಿಂದ ಅಂಟು ಸುರಿಸುತ್ತದೆ. ಜೇನು ಕುಡಿಯಲು ಬಂದ ಪತಂಗದ ನಾಲಿಗೆಗೆ ಮೊದಲು ಅಂಟು ತಾಗುತ್ತದೆ, ಆಮೇಲೆ ಪರಾಗದ ಪುಡಿ ಹತ್ತುತ್ತದೆ. ಗೋಡೆಗೆ ಗೋಂದು ಬಳಿದು ಪೋಸ್ಟರ್ ಹಚ್ಚಿದ ಹಾಗೆ. ಈ ಅಂಟನ್ನು ಮರೆಯಬೇಡಿ. ಮುಂದಿನ ಕಥೆಯೆಲ್ಲ ಅದರದ್ದೇ.

ಎರಡನೆಯದು ಕಣಗಿಲೆ. ಕೊಳವೆ ಸೀಳಿ ನೋಡಿ. ಐದು ಪರಾಗಕೋಶಗಳು ಬಾಣದ ಮೊನೆಯ ಆಕಾರ. ತುದಿಯಲ್ಲಿ ಉಣ್ಣೆಯ ಎಳೆಯಂಥ ಬಾಲಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಐದೂ ಸೇರಿ ಶಲಾಕೆಯ ತಲೆಯನ್ನು ಗೋಪುರದ ಹಾಗೆ ಮುಚ್ಚಿರುತ್ತವೆ. ಬರೀ ಮುಚ್ಚಿಲ್ಲ, ಅದಕ್ಕೆ ಅಂಟಿಕೊಂಡಿವೆ. ಬಿಡಿಸಲು ಸೂಜಿಯೇ ಬೇಕು. ಪರಾಗ ಇಲ್ಲೂ ಪುಡಿಯೇ. ಆದರೆ ಗಂಡು, ಹೆಣ್ಣು ಭಾಗಗಳು ನಂದಿಬಟ್ಟಲಿನಲ್ಲಿದ್ದ ಹಾಗೆ ದೂರ ಇಲ್ಲ, ಒಂದನ್ನೊಂದು ಹಿಡಿದುಕೊಂಡಿವೆ.

ಈಗ ಎಕ್ಕ. ನಡುವಿನ ಕಿರೀಟ ಇದೆಯಲ್ಲ, ಅದರ ನೆತ್ತಿ ಚಪ್ಪಟೆ, ಐದು ಮೂಲೆ. ಗಂಡು ಭಾಗವೂ ಹೆಣ್ಣು ಭಾಗವೂ ಪೂರ್ತಿ ಬೆಸೆದುಹೋದ ಕಂಬ ಅದು. ಪ್ರತಿ ಮೂಲೆಯಲ್ಲೂ ಸಾಸಿವೆಗಿಂತ ಚಿಕ್ಕದಾದ ಒಂದು ಕಂದು ಚುಕ್ಕೆ ಇದೆ. ಚುಕ್ಕೆಯಿಂದ ಕೆಳಕ್ಕೆ ಸಣ್ಣ ಸೀಳು. ಸೂಜಿಯ ಮೊನೆಯನ್ನು ಸೀಳಿನ ಬುಡದಲ್ಲಿ ಇಟ್ಟು, ಮೇಲ್ಮುಖವಾಗಿ ಚುಕ್ಕೆಯ ತನಕ ಜಾರಿಸಿ ಎತ್ತಿ. ಚುಕ್ಕೆ ಸೂಜಿಗೆ ಕಚ್ಚಿಕೊಂಡು ಹೊರಬರುತ್ತದೆ. ಅದರ ಎರಡೂ ಪಕ್ಕದಿಂದ ಎರಡು ಸಣ್ಣ ತೋಳು, ತೋಳಿನ ತುದಿಗೊಂದು ಹಳದಿ ಚೀಲ. ಕಪ್ಪು ಕಾಗದದ ಮೇಲಿಟ್ಟರೆ ಅಕ್ಕಸಾಲಿಗರ ತಕ್ಕಡಿಯ ಹಾಗೆ ಕಾಣುತ್ತದೆ. ನನ್ನ ಕ್ಲಾಸಿನಲ್ಲಿ ಇದನ್ನು ಮೊದಲ ಸಲ ಎತ್ತಿದ ಮಕ್ಕಳು ಒಂದು ಕ್ಷಣ ಮಾತಾಡುತ್ತಿರಲಿಲ್ಲ.

ಆ ಹಳದಿ ಚೀಲವೇ ಪರಾಗ. ಪುಡಿಯಲ್ಲ, ಮೇಣದ ಮುದ್ದೆ. ತಮಾಷೆ ಏನೆಂದರೆ ಒಂದು ತಕ್ಕಡಿಯ ಎರಡು ಚೀಲ ಒಂದೇ ಪರಾಗಕೋಶದ್ದಲ್ಲ. ಎಡಗಡೆಯ ಕೋಶದ್ದು ಒಂದು, ಬಲಗಡೆಯ ಕೋಶದ್ದು ಒಂದು. ಎರಡನ್ನೂ ಹಿಡಿದಿರುವ ಕಂದು ಚುಕ್ಕೆ, ತೋಳು ಏನು ಗೊತ್ತಾ? ನಂದಿಬಟ್ಟಲಿನ ತಲೆ ಸುರಿಸುತ್ತಿದ್ದ ಅದೇ ಅಂಟು. ಇಲ್ಲಿ ಅದು ಗಟ್ಟಿಯಾಗಿ ಕ್ಲಿಪ್ಪಿನ ಆಕಾರ ತಳೆದಿದೆ. ದೊಡ್ಡ ಕರಿ ಬಡಗಿ ದುಂಬಿ ಬಂದು ಕೂತಾಗ ಕಾಲು ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಎಳೆದುಕೊಳ್ಳುವಾಗ ಕ್ಲಿಪ್ಪು ಕಾಲಿಗೆ ಕಚ್ಚುತ್ತದೆ. ಮುಂದಿನ ಹೂವಿನ ಸೀಳಿನಲ್ಲಿ ಒಂದು ಚೀಲ ಮುರಿದು ಉಳಿದರೆ ಅಲ್ಲಿಗೆ ಕೆಲಸ ಆಯಿತು. ಇಷ್ಟು ಕಷ್ಟ ಇರುವುದರಿಂದಲೇ ಎಕ್ಕದಲ್ಲಿ ಅಷ್ಟೊಂದು ಹೂವಿದ್ದರೂ ಕಾಯಿ ಬೆರಳೆಣಿಕೆ. ಕಟ್ಟಿದ ಒಂದು ಕಾಯಲ್ಲಿ ಮಾತ್ರ ಬೀಜ ರಾಶಿ ರಾಶಿ. ಒಂದು ಚೀಲದಲ್ಲಿ ಅಷ್ಟೊಂದು ಪರಾಗ ಒಟ್ಟಿಗೇ ಬಂದಿರುತ್ತದಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಕ್ಕದ ಹಾಲು ಕಣ್ಣಿಗೆ ಹೋಗಬಾರದು. ನನ್ನ ಪ್ರಾಕ್ಟಿಕಲ್‌ನಲ್ಲಿ ಒಬ್ಬ ಹುಡುಗ ಹೂ ಕಿತ್ತ ಕೈಯಲ್ಲೇ ಕಣ್ಣು ಉಜ್ಜಿಕೊಂಡ. ಅಷ್ಟೇನೂ ಉರಿಯಲಿಲ್ಲ, ಸುಮ್ಮನಿದ್ದ. ಸಂಜೆ ಹೊತ್ತಿಗೆ ಆ ಕಣ್ಣಿಗೆ ಎಲ್ಲ ಮಂಜು ಮಂಜು. ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಸರಿಹೋಯಿತು, ಆದರೆ ಕೆಲವು ದಿನ ಹಿಡಿಯಿತು. ನೋವಿಲ್ಲ ಅಂತ ಸುಮ್ಮನಿರುವುದೇ ಅಪಾಯ. ಹೂ ಕಿತ್ತ ಮೇಲೆ ಹಾಲು ಸೋರಿ ನಿಲ್ಲುವ ತನಕ ಕಾಯಿರಿ, ಮಕ್ಕಳ ಕೈ ಸೋಪು ಹಾಕಿ ತೊಳೆಸಿ.

ಈ ತಕ್ಕಡಿಯೇ ಇನ್ನೂರು ವರ್ಷ ಎಲ್ಲರ ದಾರಿ ತಪ್ಪಿಸಿದ್ದು.

1789ರಲ್ಲಿ ಫ್ರಾನ್ಸಿನ ಜುಸಿಯು ಸಸ್ಯಗಳನ್ನು ಕುಟುಂಬಗಳಾಗಿ ಜೋಡಿಸಿದಾಗ ಕಣಗಿಲೆ ಕಡೆಯವರನ್ನೂ ಎಕ್ಕದ ಕಡೆಯವರನ್ನೂ ಒಂದೇ ಮನೆಯಲ್ಲಿ ಇಟ್ಟಿದ್ದ. ಅಂದರೆ ಮೊದಲು ಒಟ್ಟಿಗೇ ಇದ್ದರು. ಬೇರೆ ಮಾಡಿದವನು ರಾಬರ್ಟ್ ಬ್ರೌನ್, ಸ್ಕಾಟ್ಲೆಂಡಿನವನು. ನಿಮಗೆ ಫಿಸಿಕ್ಸ್ ಪಾಠದಲ್ಲಿ ಬರುವ ಬ್ರೌನಿಯನ್ ಚಲನೆಯ ಬ್ರೌನ್ ಇವನೇ. 1801ರಿಂದ 1805ರ ತನಕ ಆಸ್ಟ್ರೇಲಿಯಾ ಕಡೆ ಹಡಗಿನಲ್ಲಿ ಸುತ್ತಿ ಸಾವಿರಾರು ಗಿಡ ಒಣಗಿಸಿ ತಂದವನು. 1810ರಲ್ಲಿ ಆಸ್ಕ್ಲೆಪಿಯಡೇಸಿ ಗುಂಪಿನ ಮೇಲೆ ಒಂದು ದೊಡ್ಡ ಪ್ರಬಂಧ ಬರೆದ. ಪರಾಗ ಮುದ್ದೆಯಾಗಿ, ಕ್ಲಿಪ್ಪಿಗೆ ಸಿಕ್ಕಿಕೊಂಡು ಬರುವ ಗಿಡಗಳೆಲ್ಲ ಒಂದು ಕಡೆ, ಪುಡಿ ಪರಾಗದವು ಇನ್ನೊಂದು ಕಡೆ ಅಂದ. ಎಕ್ಕದ ಕುಲಕ್ಕೆ (ಕುಟುಂಬದ ಒಳಗಿನ ಸಣ್ಣ ಗುಂಪು) ಕಲೊಟ್ರೋಪಿಸ್ ಅನ್ನುವ ಹೆಸರು ಬಂದಿದ್ದೂ ಅದೇ ಪ್ರಬಂಧದಿಂದ. ಅದಕ್ಕೆ ಮುಂಚೆ, ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಎಕ್ಕವನ್ನು ಆಸ್ಕ್ಲೆಪಿಯಾಸ್ ಅನ್ನುವ ಕುಲದ ಜೊತೆ ಸೇರಿಸಿದ್ದ. ನಮ್ಮ ಹಾಲೆ, ಕೊಡಸಿಗೆ, ಮಧುನಾಶಿನಿ, ಸೊಗದೆ ಬೇರು, ಇವುಗಳ ಕುಲಗಳಿಗೂ ಹೆಸರಿಟ್ಟವನು ಇವನೇ, ಅದೂ ಅದೇ ವರ್ಷ.

ಬ್ರೌನ್ ಸಣ್ಣಪುಟ್ಟ ಮನುಷ್ಯ ಅಲ್ಲ. ಇದೇ ಗುಂಪಿನ ಗಿಡಗಳನ್ನೂ ಸೀತಾಳೆ ದಂಡೆಯಂಥ ಆರ್ಕಿಡ್‌ಗಳನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವಾಗಲೇ ಜೀವಕೋಶದ ಒಳಗಿನ ಗುಂಡನೆಯ ಭಾಗಕ್ಕೆ ‘ನ್ಯೂಕ್ಲಿಯಸ್’ ಅಂತ ಹೆಸರು ಕೊಟ್ಟದ್ದು, 1831ರಲ್ಲಿ. ಅಂಥವನ ಮಾತು ನಿಲ್ಲದೇ ಇರುತ್ತದೆಯೇ? ಬ್ರಿಟಿಷ್ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ತಮ್ಮ ವರ್ಗೀಕರಣದಲ್ಲಿ ಎರಡು ಕುಟುಂಬವನ್ನೇ ಉಳಿಸಿಕೊಂಡರು. ಹೂಕರ್ 1872ರಿಂದ 1897ರ ತನಕ ಏಳು ಸಂಪುಟಗಳಲ್ಲಿ ತಂದ ಬ್ರಿಟಿಷ್ ಇಂಡಿಯಾದ ಸಸ್ಯಕೋಶದಲ್ಲೂ ಹಾಗೇ ಇದೆ. ನಮ್ಮ ಕಾಲೇಜುಗಳ ನೋಟ್ಸ್, ಒಣಗಿಸಿದ ಗಿಡಗಳನ್ನು ಇಡುವ ಹರ್ಬೇರಿಯಮ್ಮಿನ ಬೀರುಗಳ ಸಾಲು, ಎಲ್ಲ ಬೆಂಥಮ್-ಹೂಕರ್ ಪ್ರಕಾರ. ನಿಮ್ಮ ತಗಡಿನ ಬೋರ್ಡಿಗೆ ಆ ಹೆಸರು ಬಂದ ದಾರಿ ಇದು.

ಮತ್ತೆ ಕೆಟ್ಟಿದ್ದು ಎಲ್ಲಿ? ಬ್ರೌನ್ ಕಣ್ಣಿಗೆ ಕಂಡದ್ದು ಸುಳ್ಳಲ್ಲ. ತಕ್ಕಡಿ ಇರುವ ಗಿಡಗಳು ನಿಜವಾಗಿಯೂ ಒಂದು ಗುಂಪು. ಸಮಸ್ಯೆ ಇರುವುದು ಬಿಟ್ಟುಹೋದವರಲ್ಲಿ.

ಮನೆತನದ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಹಳೇ ಮನೆ. ಅಜ್ಜನಿಗೆ ಇಬ್ಬರು ಮಕ್ಕಳು. ದೊಡ್ಡವನ ಕವಲು ಒಂದು, ಚಿಕ್ಕವನ ಕವಲು ಒಂದು. ಚಿಕ್ಕವನಿಗೆ ಇಬ್ಬರು ಗಂಡುಮಕ್ಕಳು. ಅದರಲ್ಲಿ ಒಬ್ಬ ಬೆಂಗಳೂರಿಗೆ ಹೋದ, ಕೈ ತುಂಬ ಸಂಪಾದಿಸಿದ, ವೇಷ ಭಾಷೆ ಎಲ್ಲ ಬದಲಾಯಿತು. ಊರವರು ‘ಅವನದು ಬೇರೆಯೇ ವಂಶ ಬಿಡಿ’ ಅಂದರು. ಸರಿ, ಹಾಗಾದರೆ ಊರಲ್ಲಿ ಉಳಿದ ಅವನ ಒಡಹುಟ್ಟಿದ ಅಣ್ಣ ಯಾವ ವಂಶ? ಅವನನ್ನು ದೊಡ್ಡಪ್ಪನ ಮಕ್ಕಳ ಜೊತೆ ಸೇರಿಸಿ ‘ಇವರೆಲ್ಲ ಒಂದು’ ಅಂತ ಬರೆದರೆ ವಂಶವೃಕ್ಷ ಸುಳ್ಳಾಯಿತು ಅಲ್ವಾ?

ನಂದಿಬಟ್ಟಲು ದೊಡ್ಡಪ್ಪನ ಕವಲು. ಊರಲ್ಲಿ ಉಳಿದ ಅಣ್ಣ ಕಣಗಿಲೆ. ಬೆಂಗಳೂರಿಗೆ ಹೋದವನು ಎಕ್ಕ. ಕಣಗಿಲೆ ನಂದಿಬಟ್ಟಲಿಗಿಂತ ಎಕ್ಕಕ್ಕೇ ಹತ್ತಿರ. ನೀವು ಈಗಷ್ಟೇ ಸೂಜಿಯಲ್ಲಿ ಬಿಡಿಸಿ ನೋಡಿದ್ದೂ ಅದನ್ನೇ: ಕೇಸರ ಶಲಾಕೆಯ ತಲೆಗೆ ಅಂಟುವ ಕೆಲಸ ಕಣಗಿಲೆಯಲ್ಲೇ ಶುರುವಾಗಿದೆ. ಹಳೇ ಪದ್ಧತಿ ಕಣಗಿಲೆಯನ್ನು ನಂದಿಬಟ್ಟಲಿನ ಜೊತೆ ಒಂದು ಕುಟುಂಬಕ್ಕೆ ಹಾಕಿ, ಎಕ್ಕವನ್ನು ಹೊರಗಿಟ್ಟಿತ್ತು.

ಹೂವಿನ ರಚನೆ ನೋಡಿಯೇ ಈ ಅನುಮಾನ ಹೇಳಿದವರು ಮೊದಲೂ ಇದ್ದರು. ಪಕ್ಕಾ ಆಗಿದ್ದು 1990ರ ದಶಕದಲ್ಲಿ, ಎಲೆಯ ಹಸಿರು ಕಣದೊಳಗಿನ (ಕ್ಲೋರೋಪ್ಲಾಸ್ಟ್) ಆರ್‌ಬಿಸಿಎಲ್ ಅನ್ನುವ ಜೀನ್ ಓದಿ ಹೋಲಿಸಿದಾಗ. ಎಕ್ಕದ ಗುಂಪು ಪಕ್ಕದ ಬೇರೆ ಮರವಲ್ಲ, ಕಣಗಿಲೆಯ ಮರದಲ್ಲೇ ಒಡೆದ ಕೊಂಬೆ ಅಂತ ಗೊತ್ತಾಯಿತು. 1998ರಲ್ಲಿ ಎಪಿಜಿ ಅನ್ನುವ ಸಸ್ಯಶಾಸ್ತ್ರಜ್ಞರ ತಂಡ ಹೂ ಬಿಡುವ ಗಿಡಗಳ ಹೊಸ ಪಟ್ಟಿ ತಂದಾಗ ಎರಡನ್ನೂ ಒಂದು ಮಾಡಿತು. 2000ದಲ್ಲಿ ಎಂಡ್ರೆಸ್ ಮತ್ತು ಬ್ರೈನ್ಸ್ ಕೂಡಿದ ಕುಟುಂಬದ ಒಳಗಿನ ಪಾಲುಪಟ್ಟಿ ಬರೆದರು. ಅಂದರೆ ನೀವು ಬೋರ್ಡ್ ಬರೆಸುವ ಹೊತ್ತಿಗೆ ವಿಷಯ ಆಗಲೇ ತೀರ್ಮಾನವಾಗಿತ್ತು. ಸುದ್ದಿ ನಮ್ಮ ಕಡೆ ಬರುವುದು ತಡವಾಯಿತು, ಅಷ್ಟೇ.

ಕೂಡಿದ ಮೇಲೆ ಅಪೋಸೈನೇಸಿ ಅನ್ನುವ ಹೆಸರೇ ಯಾಕೆ ಉಳಿಯಿತು? ಹೆಸರಿಡುವ ನಿಯಮದಲ್ಲಿ ಮೊದಲು ಬಂದವನಿಗೆ ಮೊದಲ ಹಕ್ಕು. ಅಪೋಸೈನೇಸಿ 1789ರದ್ದು. ಆಸ್ಕ್ಲೆಪಿಯಡೇಸಿ ಅನ್ನುವ ಹೆಸರು ಅಚ್ಚಾದದ್ದು 1797ರಲ್ಲಿ, ಬ್ರೌನ್‌ಗಿಂತಲೂ ಮೊದಲು, ಆದರೆ ಜುಸಿಯು ಆದ ಮೇಲೆ. ನನಗೆ ಒಂದು ಸಣ್ಣ ಬೇಸರ ಇದೆ. ಆಸ್ಕ್ಲೆಪಿಯಸ್ ಗ್ರೀಕರ ವೈದ್ಯದೇವರು, ನಮ್ಮ ಧನ್ವಂತರಿಯ ಹಾಗೆ. ಅಪೋಸೈನಂ ಅಂದರೆ ‘ನಾಯಿಯನ್ನು ದೂರ ಇಡುವುದು’. ದೇವರ ಹೆಸರು ಹೋಗಿ ನಾಯಿಯ ಹೆಸರು ನಿಂತಿತು.

ಈಗಿನ ಅಪೋಸೈನೇಸಿ ಬಹಳ ದೊಡ್ಡ ಸಂಸಾರ. 2014ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 366 ಕುಲಗಳಿದ್ದವು. ಪ್ರಭೇದಗಳು 5,000ಕ್ಕೂ ಹೆಚ್ಚು. ಒಳಗೆ ಐದು ಉಪಕುಟುಂಬ. ಐದನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ. ನಮ್ಮ ಕಡೆಯ ಗಿಡ ಹಿಡಿದು ನೋಡಿದರೆ ತಾನೇ ನೆನಪಿರುತ್ತದೆ.

ನಂದಿಬಟ್ಟಲಿನ ಕಡೆಯವರು ರಾವೋಲ್ಫಿಯಾಯ್ಡಿ. ಸರ್ಪಗಂಧ, ನಿತ್ಯಪುಷ್ಪ, ದೇವಕಣಗಿಲೆ, ಕವಳಿ ಹಣ್ಣು, ಹಳದಿ ಕಣಗಿಲೆ ಎಲ್ಲ ಇಲ್ಲೇ. ಹೌದು, ಹೆಸರಿನಲ್ಲಿ ಕಣಗಿಲೆ ಇದ್ದರೂ ಹಳದಿ ಕಣಗಿಲೆ ಈ ಕವಲಿನದು. ಔಷಧಿ ಕಂಪನಿಗಳಿಗೆ ಈ ಕವಲೆಂದರೆ ಬಲು ಪ್ರೀತಿ. ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ತೆಗೆದರು, ರಕ್ತದೊತ್ತಡಕ್ಕೆ. ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂತು.

ಕಣಗಿಲೆಯವರು ಅಪೋಸೈನಾಯ್ಡಿ. ಕೊಡಸಿಗೆ ಇಲ್ಲಿಯದು. ಈಗ ಎಲ್ಲರ ಮನೆ ಮುಂದೆ ಕುಂಡದಲ್ಲಿ ಬೊಡ್ಡೆ ಉಬ್ಬಿಸಿಕೊಂಡು ಕೂತಿರುವ ಅಡೀನಿಯಂ ಕೂಡ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರವೂ.

ಹಾಲೆ ಅಂದ ಕೂಡಲೇ ಒಂದು ಗೊಂದಲ ಬಿಡಿಸಬೇಕು. ನಮ್ಮ ಭಾಷೆಯಲ್ಲಿ ಹಾಲೆ ಎರಡು ಇವೆ. ಚನ್ನಪಟ್ಟಣದ್ದು ರೈಟಿಯ ಟಿಂಕ್ಟೋರಿಯ, ಬಿಳಿ ಮರ, ಕಡೆಯಲು ಮೆತ್ತಗೆ. ಎಲೆ ಎದುರುಬದುರು ಜೋಡಿ ಜೋಡಿ. ಕಾಯಿಯೂ ಜೋಡಿ, ಉದ್ದ, ತೆಳು, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕರಾವಳಿಯವರ ಹಾಲೆ ಬೇರೆ. ಅದು ಆಲ್ಸ್ಟೋನಿಯ ಸ್ಕೊಲಾರಿಸ್, ನಾವು ಮದ್ದಾಲೆ, ಸಪ್ತಪರ್ಣಿ ಅಂತಲೂ ಕರೆಯುತ್ತೇವೆ. ಏಳೆಲೆ ಆಸುಪಾಸು ಒಂದೇ ಗಿಣ್ಣಿನಿಂದ ಕೊಡೆಯ ಕಡ್ಡಿಯಂತೆ ಹರಡಿರುತ್ತವೆ. ಆಟಿ ಅಮಾವಾಸ್ಯೆಯ ದಿನ ತುಳುನಾಡಿನಲ್ಲಿ ಬೆಳಗಿನ ಜಾವ ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಕುಡಿಯುವುದು ಇದರದ್ದು. ಕುಟುಂಬ ಒಂದೇ, ಉಪಕುಟುಂಬ ಬೇರೆ. ಇದು ನಂದಿಬಟ್ಟಲಿನ ಕವಲು. ಕತ್ತಲಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಮರ ಗೊತ್ತಿದ್ದವರೇ ಹಗಲಲ್ಲಿ ಗುರುತು ಮಾಡಿಟ್ಟುಕೊಳ್ಳಬೇಕು. ನಿಮ್ಮ ತೋಟದಲ್ಲಿ ಮದ್ದಾಲೆ ಇದ್ದರೆ ಬೋರ್ಡಿನಲ್ಲಿ ಇದನ್ನೂ ಬರೆಸಿ: ಸ್ಕೊಲಾರಿಸ್ ಅಂದರೆ ಶಾಲೆಯದು. ಹಿಂದೆ ಮಕ್ಕಳು ಅಕ್ಷರ ತಿದ್ದುವ ಹಲಗೆಗೆ ಈ ಮರ ಬಳಸುತ್ತಿದ್ದರು.

ಮೂರನೆಯದು ಪೆರಿಪ್ಲೊಕಾಯ್ಡಿ. ಸೊಗದೆ ಬೇರು ಮತ್ತು ಮಾಗಳಿ ಬೇರು ಇಲ್ಲಿಯವು. ಈ ಗುಂಪಿನಲ್ಲಿ ಪರಾಗದ ಕಣಗಳು ಸಾಮಾನ್ಯವಾಗಿ ನಾಲ್ಕು ನಾಲ್ಕು ಒಟ್ಟಿಗೆ ಅಂಟಿಕೊಂಡು, ಚಮಚದ ಆಕಾರದ ಒಂದು ಪಟ್ಟಿಯ ಮೇಲೆ ಬೀಳುತ್ತವೆ. ಚಮಚ ಆಗಿದ್ದೂ ಅದೇ ಹಳೇ ಅಂಟಿನಿಂದ. ಹಿಂದೆ ಕೆಲವರು ಇದನ್ನೇ ಮೂರನೇ ಕುಟುಂಬ ಅಂತ ಬೇರೆ ಮಾಡಿದ್ದರು. ಮಾಗಳಿ ಬೇರಿನ ಉಪ್ಪಿನಕಾಯಿ ನಿಮಗೆ ಸೇರುತ್ತದೋ ಇಲ್ಲವೋ. ನಮ್ಮ ಮನೆಯಲ್ಲಿ ಅರ್ಧ ಜನಕ್ಕೆ ಪ್ರಾಣ, ಇನ್ನರ್ಧ ಜನ ‘ತಿಗಣೆ ವಾಸನೆ’ ಅಂತ ಮೂಗು ಮುಚ್ಚಿಕೊಳ್ಳುತ್ತಾರೆ. ಆ ವಾಸನೆಯ ವಸ್ತು ವೆನಿಲ್ಲಾದ ಪರಿಮಳದ ಸ್ವಂತ ದಾಯಾದಿ. ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಸೊಗದೆ ಬೇರಿನಲ್ಲೂ ಅದೇ ಇರುವುದು.

ನಾಲ್ಕನೆಯದು ಸೆಕಮೋನಾಯ್ಡಿ. ಸಣ್ಣ ಗುಂಪು, ನಿಮ್ಮ ತೋಟದಲ್ಲಿ ಸಿಗುವುದಿಲ್ಲ, ಬಿಡಿ. ಐದನೆಯದೇ ಎಕ್ಕದ ಮನೆ, ಆಸ್ಕ್ಲೆಪಿಯಡಾಯ್ಡಿ. ಹಳೇ ಹೆಸರು ಪೂರ್ತಿ ಹೋಗಿಲ್ಲ, ಒಂದು ಮೆಟ್ಟಿಲು ಇಳಿದು ಉಪಕುಟುಂಬವಾಗಿ ಇಲ್ಲಿ ಕೂತಿದೆ. ಮಧುನಾಶಿನಿ ಇಲ್ಲಿಯದು. ಅದರ ಒಂದು ಎಲೆ ಚೆನ್ನಾಗಿ ಅಗಿದು ಉಗುಳಿ, ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಮರಳು ಅಗಿದ ಹಾಗಿರುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಆದರೆ ಈ ಕುಟುಂಬದಲ್ಲಿ ಬಾಯಿಗೆ ಹಾಕಿಕೊಳ್ಳಬಹುದಾದ ಗಿಡ ಕೆಲವೇ ಅಂತಲೂ ಜೊತೆಗೇ ಹೇಳಿ. ಕಣಗಿಲೆ, ಹಳದಿ ಕಣಗಿಲೆಯ ಬೀಜ ತಿಂದು ಸತ್ತವರಿದ್ದಾರೆ.

ಇಷ್ಟಕ್ಕೇ ಎಲ್ಲ ತೀರ್ಮಾನ ಆಯಿತು ಅಂತಲ್ಲ. ಐದರಲ್ಲಿ ಮೊದಲ ಎರಡು ಉಪಕುಟುಂಬಗಳು ಶುದ್ಧ ಕವಲುಗಳಲ್ಲ ಅಂತ ಅದನ್ನು ಮಾಡಿದವರಿಗೂ ಗೊತ್ತು. ಕಣಗಿಲೆ ಕಡೆಯವರಲ್ಲೇ ಕೆಲವರು ಉಳಿದವರಿಗಿಂತ ಎಕ್ಕಕ್ಕೆ ಹತ್ತಿರ. ಅನುಕೂಲಕ್ಕೆ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದಾರೆ. ಎಕ್ಕದ ಮನೆಯಲ್ಲೂ ಜಗಳ ಇದೆ. ಪಶ್ಚಿಮ ಘಟ್ಟದಲ್ಲಿ ಸೆರೊಪೀಜಿಯ ಅಂತ ಕೊಳವೆ ದೀಪದಂಥ ಹೂವಿನ ಬಳ್ಳಿಗಳಿವೆ. 2017ರಲ್ಲಿ ಬ್ರೈನ್ಸ್ ಮತ್ತು ಸಂಗಡಿಗರು ಸ್ಟಪೀಲಿಯ, ಕ್ಯಾರಲೂಮದಂಥ ಕಳ್ಳಿಯ ಹಾಗಿರುವ ಗಿಡಗಳನ್ನೆಲ್ಲ ಆ ಒಂದೇ ಕುಲಕ್ಕೆ ಸುರಿದುಬಿಟ್ಟರು. ಒಪ್ಪದವರು ಬಹಳ ಜನ. ನನಗೂ ಅದು ರುಚಿಸಿಲ್ಲ. ವಂಶವೃಕ್ಷದ ಲೆಕ್ಕ ಸರಿಯೇ, ಆದರೆ ಗಿಡ ಹಿಡಿದು ಗುರುತಿಸುವವನಿಗೆ ಆ ಹೆಸರಿನಿಂದ ಏನೂ ಸಿಗುವುದಿಲ್ಲ.

ಇನ್ನು ನಿಮ್ಮ ಬೋರ್ಡುಗಳ ವಿಷಯ. ಎಕ್ಕದ್ದು ಪೂರ್ತಿ ಹೊಸದಾಗಿ ಬರೆಸುವ ಖರ್ಚು ಬೇಡ. ಕುಟುಂಬದ ಸಾಲಿಗೆ ಮಾತ್ರ ಬಣ್ಣ ಬಳಿದು ‘ಅಪೋಸೈನೇಸಿ’ ಅಂತ ಬರೆಸಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಹಿಂದೆ: ಆಸ್ಕ್ಲೆಪಿಯಡೇಸಿ’ ಅಂತ ಇರಲಿ. ಕಲೊಟ್ರೋಪಿಸ್ ಜೈಗ್ಯಾಂಟಿಯ ಅನ್ನುವುದು ಬದಲಾಗಿಲ್ಲ. ಹಳದಿ ಕಣಗಿಲೆಗೆ ಥೆವೀಷಿಯ ಪೆರುವಿಯಾನ ಅಂತ ಬರೆಸಿದ್ದರೆ ಅದು ಈಗ ಕ್ಯಾಸ್ಕಬೆಲ ಥೆವೀಷಿಯ. ನಿತ್ಯಪುಷ್ಪಕ್ಕೆ ವಿಂಕಾ ರೋಸಿಯ ಅಂತ ಇದ್ದರೆ ಕ್ಯಾತರಾಂತಸ್ ರೋಸಿಯಸ್ ಮಾಡಿ. ಪೇಂಟರ್ ಹೇಗೂ ಬಂದಿರುತ್ತಾನೆ, ತೇಗದ ಬೋರ್ಡನ್ನೂ ಒಂದು ಸಲ ನೋಡಿ. ನಿಮ್ಮ ನೋಟ್ಸಿನಲ್ಲಿ ವರ್ಬಿನೇಸಿ ಅಂತ ಇರುತ್ತದೆ. ಈಗ ಅದು ತುಳಸಿಯ ಕುಟುಂಬ, ಲೇಮಿಯೇಸಿ. ಬೂರುಗ ಇದ್ದರೆ ಬಾಂಬಕೇಸಿ ತೆಗೆದು ದಾಸವಾಳದ ಮಾಲ್ವೇಸಿಗೆ ಸೇರಿಸಿ.

ನಿಮ್ಮ ಶಾಲೆಯಿಂದ ಹೋಗಿ ಡಿಗ್ರಿ ಓದುವ ಮಕ್ಕಳಿಗೆ ಒಂದು ಕಿವಿಮಾತು. ಪಠ್ಯಕ್ರಮದಲ್ಲಿ ಬೆಂಥಮ್-ಹೂಕರ್ ಅಂತ ಇದ್ದು ಎರಡು ಕುಟುಂಬ ಕೇಳಿದರೆ ಎರಡನ್ನೇ ಬರೆಯಲಿ, ಕೊನೆಗೆ ‘ಈಗ ಎರಡೂ ಒಂದೇ’ ಅಂತ ಒಂದು ಸಾಲು ಸೇರಿಸಲಿ. ಅದಕ್ಕೆ ಅಂಕ ಕಳೆಯುವ ಮೇಷ್ಟ್ರು ಈಗ ಇರಲಿಕ್ಕಿಲ್ಲ.

ಆ ಒಂಬತ್ತನೇ ಕ್ಲಾಸಿನ ಹುಡುಗಿಯ ಕೈಗೇ ಸೂಜಿ ಕೊಡಿ. ಒಂದು ಎಕ್ಕದ ಹೂವಿನಿಂದ ಐದು ತಕ್ಕಡಿ ಬರಬೇಕು. ನಾಲ್ಕೇ ಬಂದರೆ ಒಂದನ್ನು ದುಂಬಿ ಆಗಲೇ ಒಯ್ದಿದೆ ಅಂತ ಲೆಕ್ಕ.